ಹಿಂದಿನವರ ರಿಯಾಯಿತಿ ಮುಂದಿನವರಿಗೆ

ಒಮ್ಮೆ ಬಿಲ್ಲಿಂಗ್ ಲೆಕ್ಕಕ್ಕೆಂದು ನಾನು ಬರೆದಿದ್ದ ಎಸ್‌ಕ್ಯೂಎಲ್ ಸರ್ವರ್ (ಮೈಕ್ರೋಸಾಫ್ಟ್‌ನ ಡೇಟಾಬೇಸ್) ಸ್ಕ್ರಿಪ್ಟ್ ರಾತ್ರಿಯೆಲ್ಲಾ ಒಂದೂ ಎರರ್ ಕೊಡದೆ ಓಡಿತು. ಬೆಳಿಗ್ಗೆ ನೋಡಿದರೆ, ರಿಯಾಯಿತಿಯೇ ಇಲ್ಲದ ಗ್ರಾಹಕರಿಗೂ ಶೇ. 10 ಕಡಿತವಾಗಿತ್ತು. ತಪ್ಪು ನನ್ನದೇ.

ಲೂಪ್ ಒಳಗೆ @ರಿಯಾಯಿತಿ ಅಂತ ಒಂದು ವೇರಿಯಬಲ್ (ವ್ಯಾಲ್ಯೂ ಇಡಲು ಹೆಸರಿಟ್ಟ ಜಾಗ) ಡಿಕ್ಲೇರ್ ಮಾಡಿದ್ದೆ. ಪ್ರತಿ ಸುತ್ತಿನಲ್ಲೂ ಒಬ್ಬ ಗ್ರಾಹಕರ ರಿಯಾಯಿತಿಯನ್ನು ಟೇಬಲ್‌ನಿಂದ ಸೆಲೆಕ್ಟ್ ಮಾಡಿ ಅದಕ್ಕೆ ತುಂಬಿಸುತ್ತಿದ್ದೆ. ರೆಕಾರ್ಡ್ ಇಲ್ಲದಿದ್ದರೆ ನಲ್, ಅಂದರೆ ಖಾಲಿ, ಬರುತ್ತದೆ ಅಂದುಕೊಂಡಿದ್ದೆ. ಬರುವುದಿಲ್ಲ. ರೆಕಾರ್ಡ್ ಸಿಗದಿದ್ದರೆ ಸೆಲೆಕ್ಟ್ ಆ ವೇರಿಯಬಲ್ಲನ್ನು ಮುಟ್ಟುವುದೇ ಇಲ್ಲ. ತೊಳೆಯದ ಲೋಟದಲ್ಲಿ ಹಿಂದಿನವರ ಕಾಫಿ ಉಳಿದ ಹಾಗೆ, ಹಿಂದಿನ ಸುತ್ತಿನ ವ್ಯಾಲ್ಯೂ ಅಲ್ಲೇ ಕೂತಿರುತ್ತದೆ.

ಡಿಕ್ಲೇರ್ ಲೂಪ್ ಒಳಗೇ ಇದೆ, ಪ್ರತಿ ಸಲ ಹೊಸದಾಗಬೇಕು ಅಲ್ವಾ? ಜಾವಾ ಬರೆದು ಬಂದವರಿಗೆ ಹಾಗೇ ಅನಿಸುತ್ತದೆ. ಇಲ್ಲಿ ಲೂಪಿನ ಆರಂಭ, ಕೊನೆ ತೋರಿಸುವ ಬಿಗಿನ್ ಮತ್ತು ಎಂಡ್ ನಡುವಿನ ಜಾಗಕ್ಕೆ ಬೇಲಿಯೇ ಇಲ್ಲ. ವೇರಿಯಬಲ್ ಇಡೀ ಬ್ಯಾಚಿಗೆ, ಅಂದರೆ ಒಟ್ಟಿಗೆ ಸರ್ವರಿಗೆ ಹೋಗುವ ಕೋಡಿನ ತುಂಡಿಗೆ, ಸೇರಿದ್ದು. ಬ್ಯಾಚ್ ಮುಗಿಯುವುದು 'ಗೋ' ಅಂತ ಬರೆದಲ್ಲಿ. ಅದರ ಕೆಳಗೆ ಹಳೆ ಹೆಸರು ಬಳಸಿದರೆ, ವೇರಿಯಬಲ್ ಡಿಕ್ಲೇರ್ ಮಾಡಿಲ್ಲ ಅಂತ 137ನೇ ನಂಬರಿನ ಎರರ್ ಬರುತ್ತದೆ. (ಅಂದಹಾಗೆ ಗೋ ಎಸ್‌ಕ್ಯೂಎಲ್ ಆದೇಶವೇ ಅಲ್ಲ. ಮ್ಯಾನೇಜ್‌ಮೆಂಟ್ ಸ್ಟುಡಿಯೋದಂಥ ಟೂಲ್‌ಗಳು ಎಲ್ಲಿ ಕತ್ತರಿಸಬೇಕು ಅಂತ ನೋಡಿಕೊಳ್ಳುವ ಗುರುತು ಅಷ್ಟೇ.)

2008ರ ಆವೃತ್ತಿಯಿಂದ ಡಿಕ್ಲೇರ್ ಮಾಡುವಾಗಲೇ ವ್ಯಾಲ್ಯೂ ಕೊಡಬಹುದು. ಅಲ್ಲೇ '= ನಲ್' ಅಂತ ಬರೆದರೆ, ತುಂಬುವ ಆ ಕೆಲಸ ಪ್ರತಿ ಸುತ್ತಿಗೂ ನಡೆಯುತ್ತದೆ. ನಾನಂತೂ ಈಗ ವ್ಯಾಲ್ಯೂ ತುಂಬಲು ಸೆಟ್ ಬಳಸಿ, ಬ್ರಾಕೆಟ್ ಒಳಗೆ ಸೆಲೆಕ್ಟ್ ಬರೆಯುತ್ತೇನೆ. ರೆಕಾರ್ಡ್ ಇಲ್ಲದಿದ್ದರೆ ನಲ್ ಸಿಗುತ್ತದೆ. ಒಂದಕ್ಕಿಂತ ಜಾಸ್ತಿ ಸಿಕ್ಕರೆ ಎರರ್ ಕೊಟ್ಟು ಕೂಗಿಕೊಳ್ಳುತ್ತದೆ. ಬರೀ ಸೆಲೆಕ್ಟ್ ಆದರೆ ಅವುಗಳಲ್ಲಿ ಯಾವುದೋ ಒಂದನ್ನು ಇಟ್ಟುಕೊಂಡು ಸುಮ್ನೆ ಇದ್ದುಬಿಡುತ್ತದೆ.

ಇನ್ನೊಂದು ಮಾತು, ಕನ್ನಡ ಡೇಟಾ ಇಡುವವರಿಗೆ. ವೇರಿಯಬಲ್ ಎನ್‌ವಾರ್‌ಚಾರ್ (ಯೂನಿಕೋಡ್ ಅಕ್ಷರಗಳನ್ನು ಇಡುವ ಟೈಪ್) ಆಗಿರಲಿ, ಅದರ ಉದ್ದವನ್ನೂ ಬರೆಯಿರಿ. ಬರೆಯದಿದ್ದರೆ ಡಿಕ್ಲೇರ್‌ನಲ್ಲಿ ಉದ್ದ 1 ಅಂತಲೇ ಲೆಕ್ಕ. 'ಬೆಂಗಳೂರು' ತುಂಬಿಸಿದರೆ ಉಳಿಯುವುದು ಬರೀ 'ಬ', ಎತ್ವ ಕೂಡ ಹೋಗಿರುತ್ತದೆ. ಎರರ್ ಬರುವುದಿಲ್ಲ. ಕೋಟ್ ಮುಂದೆ 'ಎನ್' ಹಾಕಲು ಮರೆತರೆ ಸಾಮಾನ್ಯವಾಗಿ ಆ 'ಬ' ಕೂಡ ಇರುವುದಿಲ್ಲ, ಅದರ ಜಾಗದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಕೂತಿರುತ್ತದೆ.