ಕಥೆಯ ರಾಗಿ, ತಟ್ಟೆಯ ಸೊಪ್ಪು

ಸರ್ಕಾರಿ ಪ್ರಾಥಮಿಕ ಶಾಲೆಗೆ ಹೋದಾಗಲೆಲ್ಲ ಬಿಸಿಯೂಟ ಮುಗಿದ ಮೇಲೆ ಮಕ್ಕಳ ತಟ್ಟೆಗಳನ್ನು ಗಮನಿಸುವುದು ಆಹಾರ ತಜ್ಞೆಯಾದ ನನ್ನ ಹಳೆಯ ಅಭ್ಯಾಸ. ಅನ್ನವೂ ಸಾಂಬಾರೂ ಖಾಲಿಯಾಗಿರುತ್ತವೆ. ತಟ್ಟೆಯ ಅಂಚಿನಲ್ಲಿ ಕರಿಬೇವಿನ ಜೊತೆಗೆ ನುಗ್ಗೆಸೊಪ್ಪು, ಸೋರೆಕಾಯಿ ಹೋಳುಗಳು ಸಾಲಾಗಿ ಕುಳಿತಿರುತ್ತವೆ. ಸೊಪ್ಪು ತಿಂದರೆ ಏನಾಗುತ್ತದೆ ಎಂದು ತರಗತಿಯಲ್ಲಿ ಕೇಳಿದಾಗ ‘ಶಕ್ತಿ ಬರುತ್ತದೆ’ ಎಂದು ಒಕ್ಕೊರಲಿನಿಂದ ಕೂಗಿದವರೂ ಇದೇ ಮಕ್ಕಳು. ಪಾಠ ಬಾಯಿಗೆ ಬಂದಿರುತ್ತದೆ, ಸೊಪ್ಪು ಮಾತ್ರ ಬಾಯಿಗೆ ಹೋಗಿರುವುದಿಲ್ಲ.

ಇದು ಹಟವಲ್ಲ. ಸುಮಾರು ಎರಡರಿಂದ ಆರು ವರ್ಷದವರೆಗೆ ಕಂಡರಿಯದ ತಿನಿಸಿಗೆ ಹಿಂಜರಿಯುವುದು ಮಕ್ಕಳ ಸಹಜ ಸ್ವಭಾವವಾಗಿದ್ದು, ಕೆಲವರಿಗೆ ಒಂದು ತರಕಾರಿ ಒಗ್ಗಬೇಕಾದರೆ ಹತ್ತು ಸಲವಾದರೂ ಅದರ ರುಚಿ ನೋಡಬೇಕಾಗುತ್ತದೆ. ಚಿತ್ರಪುಸ್ತಕ ನೆರವಾಗುವುದು ಇಲ್ಲಿಯೇ. ಇಂಗ್ಲೆಂಡಿನ ರೀಡಿಂಗ್ ವಿಶ್ವವಿದ್ಯಾಲಯದ ಸಂಶೋಧಕರು ಪುಟ್ಟ ಮಕ್ಕಳಿಗೆ ಒಂದು ತರಕಾರಿಯ ಚಿತ್ರಪುಸ್ತಕವನ್ನು ಎರಡು ವಾರ ಕಾಲ ಮನೆಯಲ್ಲಿ ದಿನವೂ ತೋರಿಸಲು ಹೇಳಿ, ಬಳಿಕ ಆ ತರಕಾರಿಯನ್ನೇ ಮುಂದಿಟ್ಟಾಗ, ಅದರಲ್ಲೂ ಅದು ಮಕ್ಕಳಿಗೆ ಹೊಸದಾಗಿದ್ದರೆ, ರುಚಿ ನೋಡುವ ಮನಸ್ಸು ಹೆಚ್ಚಿದ್ದನ್ನು ಕಂಡರು. ಕಣ್ಣಿಗೆ ಪರಿಚಯವಾದದ್ದರ ಬಗ್ಗೆ ನಾಲಿಗೆಯ ಅನುಮಾನ ಸ್ವಲ್ಪ ತಗ್ಗುತ್ತದೆ ಎನ್ನಬಹುದು.

ಆದರೆ ಎಲ್ಲ ಪುಸ್ತಕಗಳೂ ಈ ಕೆಲಸಕ್ಕೆ ಬರುವುದಿಲ್ಲ. ಹಲವು ವರ್ಷಗಳ ಹಿಂದೆ, ಕುರುಕಲು ತಿಂದು ದಪ್ಪಗಾಗಿ ಎಲ್ಲರಿಂದ ನಗೆಗೀಡಾಗುವ ಹುಡುಗನೊಬ್ಬನ ಕಥೆಯನ್ನು ನಾನೇ ಎರಡನೆಯ ತರಗತಿಗೆ ಓದಿಸಿದ್ದೆ. ಎರಡನೆಯ ಪುಟ ತಿರುವುವಷ್ಟರಲ್ಲಿ ಮಕ್ಕಳ ಕಣ್ಣೆಲ್ಲ ಹಿಂದಿನ ಸಾಲಿನಲ್ಲಿದ್ದ ಒಬ್ಬನ ಮೇಲೆ ನೆಟ್ಟಿದ್ದವು. ಅವನು ಆ ದಿನ ಊಟಕ್ಕೆ ಬರಲಿಲ್ಲ. ಅಂದಿನಿಂದ ‘ಒಳ್ಳೆಯ ತಿಂಡಿ, ಕೆಟ್ಟ ತಿಂಡಿ’ ಎಂದು ಗೆರೆ ಎಳೆಯುವ ಪುಸ್ತಕಗಳನ್ನು ನಾನು ಶಿಫಾರಸು ಮಾಡುವುದಿಲ್ಲ. ಅಂಗಡಿಯ ಐದು ರೂಪಾಯಿಯ ಪೊಟ್ಟಣವನ್ನು ಕೊಳ್ಳುವುದು ಮಗುವಿನ ಮನೆಯವರೇ ಎಂಬುದನ್ನೂ ಮರೆಯಬಾರದು.

ನಮ್ಮಲ್ಲೇ ಇರುವ ಸೊಗಸಾದ ಕಥೆಯೊಂದನ್ನು ಹೆಚ್ಚಿನ ಶಿಕ್ಷಕರು ಹೈಸ್ಕೂಲಿನ ಪದ್ಯವೆಂದು ಬದಿಗಿಟ್ಟಿದ್ದಾರೆ. ಕನಕದಾಸರ ‘ರಾಮಧಾನ್ಯಚರಿತೆ’ಯಲ್ಲಿ ಭತ್ತವೂ ರಾಗಿಯೂ ತಾನು ಹೆಚ್ಚು, ತಾನು ಹೆಚ್ಚು ಎಂದು ಜಗಳವಾಡುತ್ತವೆ, ರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾನೆ, ಭತ್ತ ಸೊರಗಿ ಹೋಗುತ್ತದೆ, ರಾಗಿ ಇದ್ದ ಹಾಗೆಯೇ ಹೊರಬಂದು ರಾಘವನ ಹೆಸರನ್ನೇ ಪಡೆಯುತ್ತದೆ. ಭಾಮಿನಿ ಷಟ್ಪದಿ ಪುಟಾಣಿಗಳಿಗೆ ಕಷ್ಟವಾದರೂ ಕಥೆ ಕಷ್ಟವಲ್ಲ. ನಾಲ್ಕು ಹಾಳೆಗಳಲ್ಲಿ ಚಿತ್ರ ಬರೆಸಿ, ಕೈಯಲ್ಲೊಂದು ರಾಗಿ ತೆನೆ ಹಿಡಿದು ಹೇಳಿದಾಗ ‘ರಾಗಿ ಜೈಲಿಗೆ ಹೋಯ್ತಾ, ಮಿಸ್?’ ಎಂದು ಕೇಳಿದ ಹುಡುಗಿ ತೆನೆಯನ್ನು ಅಂಗೈಯಲ್ಲಿ ಉಜ್ಜಿ, ಉದುರಿದ ಕಾಳುಗಳನ್ನು ಎಣಿಸತೊಡಗಿದಳು. 2024ರಿಂದ ಶಾಲೆಗಳಲ್ಲಿ ಹಾಲಿನೊಂದಿಗೆ ರಾಗಿ ಮಾಲ್ಟ್ ಕೊಡುತ್ತಿರುವುದರಿಂದ, ಮಾಲ್ಟ್ ಇರುವ ದಿನವೇ ಈ ಕಥೆ ಹೇಳುವುದು ಲೇಸು. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ ಎಂಬ ಲೆಕ್ಕ ಶಿಕ್ಷಕರಿಗೆ ಇರಲಿ. ಮಗುವಿಗೆ ರಾಗಿಯ ಜಗಳವೇ ಸಾಕು. ಅನ್ನವನ್ನು ಮಾತ್ರ ಖಳನನ್ನಾಗಿ ಮಾಡಬೇಡಿ, ಮಧ್ಯಾಹ್ನದ ತಟ್ಟೆಯಲ್ಲಿ ಇರುವುದು ಅದೇ.

ಸೊಪ್ಪಿಗೂ ಇದೇ ಕ್ರಮ. ಕಥೆ ಓದಿದ ವಾರವೇ ಆ ಸೊಪ್ಪು ಅಡುಗೆಯಲ್ಲಿರುವಂತೆ ಬಿಸಿಯೂಟದ ಅಡುಗೆಯವರಿಗೆ ಮೊದಲೇ ತಿಳಿಸಬೇಕು, ಸಾಧ್ಯವಾದರೆ ನುಗ್ಗೆಯ ಎಲೆ ಬಿಡಿಸುವ ಕೆಲಸವನ್ನು ಕೈ ತೊಳೆದ ಮಕ್ಕಳಿಗೇ ಕೊಡಬೇಕು. ತಿನ್ನಲೇಬೇಕೆಂಬ ಒತ್ತಾಯ ಬೇಡ, ತಿಂದವರಿಗೆ ಚಾಕೊಲೇಟಿನ ಬಹುಮಾನವಂತೂ ಬೇಡವೇ ಬೇಡ. ಹೀಗೆ ನಡೆಸಿದ ಒಂದು ಶಾಲೆಯಲ್ಲಿ ಮೂರನೆಯ ವಾರ ಪುಟ್ಟ ಹುಡುಗನೊಬ್ಬ ತಟ್ಟೆ ಹಿಡಿದು ನನ್ನ ಬಳಿ ಬಂದ. ‘ಎರಡು ಎಲೆ ತಿಂದೆ, ಮಿಸ್’ ಎಂದ. ಉಳಿದ ಸೊಪ್ಪು ಎಂದಿನಂತೆ ಅಂಚಿನಲ್ಲೇ ಇತ್ತು.