ಕಣ್ಣಿಗೆ ಕಂಡ ಬಂಡೆಯ ಪದರ ಫೋಟೋದಲ್ಲಿ ಎಲ್ಲಿ ಹೋಯ್ತು?

ಪ್ರಶ್ನೆ: ಸಾರ್, ಆಂಧ್ರದ ಗಂಡಿಕೋಟೆ ಕಂದರಕ್ಕೆ ಹೋಗಿದ್ವಿ. ಇಟ್ಟಿಗೆ ಪೇರಿಸಿದ ಹಾಗೆ ಕೆಂಪು ಬಂಡೆಯ ಪದರಗಳು, ಕೆಳಗೆ ತಿರುವಿಕೊಂಡು ಹೋಗೋ ಪೆನ್ನಾ ನದಿ. ಮಂಡ್ಯಕ್ಕೆ ವಾಪಸ್ ಬಂದು ನೋಡಿದ್ರೆ ಬಂಡೆಯೆಲ್ಲ ಸಪ್ಪೆ, ನದಿ ಬರೀ ಬಿಳಿ ಪಟ್ಟಿ. ಬೇರೆ ಕ್ಯಾಮೆರಾ ತಗೋಬೇಕಾ?

ಉತ್ತರ: ದುಡ್ಡು ಜೇಬಲ್ಲೇ ಇರಲಿ. ನೀವು ಕಳಿಸಿದ ಚಿತ್ರದ ಬುಡದಲ್ಲಿ ನಿಮ್ಮದೇ ನೆರಳು ಕಂದರದ ಕಡೆಗೆ ಉದ್ದಕ್ಕೆ ಚಾಚಿದೆ. ಹೊತ್ತು ಸರಿಯಾಗಿಯೇ ಇತ್ತು, ನಿಂತ ಜಾಗ ಮಾತ್ರ ತಪ್ಪು. ‘ಸೂರ್ಯನಿಗೆ ಬೆನ್ನು ಕೊಟ್ಟು ಫೋಟೋ ತೆಗಿ’ ಅಂತ ಎಲ್ಲರಿಗೂ ಯಾರೋ ಹೇಳಿಕೊಟ್ಟಿರುತ್ತಾರೆ. ಮದುವೆ ಮನೆ ಮುಂದೆ ನಿಂತ ನೆಂಟರಿಗೆ ಅದು ಸರಿ, ಬಂಡೆಗಲ್ಲ.

ಮನೆಯಲ್ಲೇ ನೋಡಿ. ಗೋಡೆಗೊಂದು ಗೋಣಿಚೀಲ ನೇತುಹಾಕಿ, ದೀಪ ಆರಿಸಿ, ಟಾರ್ಚನ್ನು ಕಣ್ಣಿನ ಪಕ್ಕ ಹಿಡಿದು ಬೆಳಕು ಬಿಡಿ. ಬರೀ ಕಂದು ಬಟ್ಟೆ. ಈಗ ಟಾರ್ಚನ್ನು ಗೋಡೆಗೆ ಒತ್ತಿ ಪಕ್ಕದಿಂದ ಹಾಯಿಸಿ: ಒಂದೊಂದು ಎಳೆಯೂ ಪಕ್ಕದ ಸಂದಿಗೆ ನೆರಳು ಚೆಲ್ಲಿ ಎದ್ದು ಕಾಣುತ್ತದೆ. ಗಂಡಿಕೋಟೆಯ ಬಂಡೆ ನೂರು ಕೋಟಿ ವರ್ಷಕ್ಕೂ ಹಿಂದೆ ಮರಳು ಗಟ್ಟಿಯಾಗಿ ಆದ ಕ್ವಾರ್ಟ್ಜೈಟ್. ಅದರ ಸೀಳು, ಅಂಚು, ಸಂದಿ ಕಾಣುವುದೂ ಈ ನೆರಳಿನಿಂದಲೇ. ಹಾಗಾಗಿ ಸೂರ್ಯ ನಿಮ್ಮ ಎಡ ಅಥವಾ ಬಲ ಭುಜದ ಕಡೆ ಬರುವ ತನಕ ಅಂಚಿನುದ್ದಕ್ಕೂ ನಡೆಯಿರಿ. ಸಿಗಲಿಲ್ಲವೇ? ಬೆಳಿಗ್ಗೆ ಹೋದವರು ಸಂಜೆ ಹೋಗಿ.

ಬಣ್ಣ ಸಪ್ಪೆಯಾಗಿದ್ದಕ್ಕೆ ಕಾರಣ ಬೇರೆ. ಚೌಕಟ್ಟಿನ ತುಂಬ ಕೆಂಪೇ ಇದ್ದರೆ ಆಟೋ ವೈಟ್ ಬ್ಯಾಲೆನ್ಸ್ (ಕ್ಯಾಮೆರಾ ತಾನಾಗಿ ಬಣ್ಣ ಹೊಂದಿಸುವ ವ್ಯವಸ್ಥೆ) ಅದನ್ನು ತಪ್ಪು ಅಂದುಕೊಂಡು ನೀಲಿ ಬೆರೆಸಿ ‘ಸರಿಮಾಡುತ್ತದೆ’. ವೈಟ್ ಬ್ಯಾಲೆನ್ಸನ್ನು ಸೂರ್ಯನ ಗುರುತಿರುವ ಆಯ್ಕೆಗೆ ಹಾಕಿಬಿಡಿ.

ಇನ್ನು ನದಿ. (ಪೆನ್ನಾ ಅನ್ಯಳೇನಲ್ಲ, ನಮ್ಮ ನಂದಿಬೆಟ್ಟದ ಕಡೆ ಹುಟ್ಟಿದ ಉತ್ತರ ಪಿನಾಕಿನಿ.) ನೀರಿನಲ್ಲಿ ನಿಮಗೆ ಕಂಡ ಬಿಳುಪು ಆಕಾಶದ್ದು. ಕ್ಯಾಮೆರಾ ಬಂಡೆಯ ಕಪ್ಪು ನೆರಳನ್ನು ಬೆಳಗಿಸಲು ಹೋದಾಗ ನೀರು ಸುಟ್ಟುಹೋಗುತ್ತದೆ, ಅಂದರೆ ಬರೀ ಬಿಳಿಯಾಗುತ್ತದೆ. ಎಕ್ಸ್‌ಪೋಷರ್ (ಚಿತ್ರಕ್ಕೆ ಬೀಳುವ ಬೆಳಕು) ಅರ್ಧದಿಂದ ಒಂದು ಸ್ಟಾಪ್ ಇಳಿಸಿ; ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧವಾಗುತ್ತದೆ. ಮೊಬೈಲಾದರೆ ನೀರಿನ ಮೇಲೆ ಬೆರಳಿಟ್ಟು, ಪಕ್ಕದ ಸೂರ್ಯನ ಚಿಹ್ನೆಯನ್ನು ಕೆಳಗೆಳೆಯಿರಿ. ಲೆನ್ಸಿನ ಮುಂದೆ ಪೋಲರೈಸರ್ ಎಂಬ ತಿರುಗಿಸುವ ಫಿಲ್ಟರ್ ಹಾಕಿದರೆ ಹೊಳಪು ತಗ್ಗುತ್ತದೆ, ಆದರೆ ಪೂರ್ತಿ ತಿರುಗಿಸಬೇಡಿ. ಒಮ್ಮೆ ನಾನು ಹಾಗೇ ಮಾಡಿ, ಹೊಳಪೆಲ್ಲ ಹೋಗಿ ನದಿ ಊರ ಮೋರಿಯ ಹಾಗೆ ಕಂಡಿತ್ತು. ಸ್ವಲ್ಪ ಮಿಂಚು ಉಳಿದರೇ ತಿರುವು ಕಣ್ಣಿಗೆ ಸಿಗುವುದು.

ವೈಡ್ ಲೆನ್ಸಿನಲ್ಲಿ ದೂರದ ತಿರುವು ದಾರದೆಳೆಯಷ್ಟಾಗುತ್ತದೆ. ಜೂಮ್ ಮಾಡಿ 70ರಿಂದ 100 ಮಿ.ಮೀ.ಗೆ ಹೋದರೆ ತಿರುವುಗಳು ಒಂದರ ಬೆನ್ನಿಗೊಂದು ಬಂದು ಕೂರುತ್ತವೆ. ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬರುವ ಕಿಂಡಿ) ಎಫ್ 8 ಅಥವಾ 11 ಸಾಕು.

ಅಭ್ಯಾಸಕ್ಕೆ ಅಷ್ಟು ದೂರ ಯಾಕೆ? ಶ್ರೀರಂಗಪಟ್ಟಣದ ಪಕ್ಕದ ಕರಿಘಟ್ಟ ಹತ್ತಿ. ಪದರದ ಬಂಡೆ ಸಿಗದು, ಆದರೆ ಕೆಳಗೆ ಗದ್ದೆಗಳ ನಡುವೆ ಹೊರಳಿ ಕಾವೇರಿ ಸೇರುವ ಲೋಕಪಾವನಿ ಇದ್ದಾಳೆ. ಒಂದೇ ತಿರುವನ್ನು ಬೆಳಿಗ್ಗೆ ಏಳಕ್ಕೂ ಸಂಜೆ ಐದಕ್ಕೂ ತೆಗೆದು ಪಕ್ಕಪಕ್ಕ ಇಟ್ಟು ನೋಡಿ. ಗಂಡಿಕೋಟೆಗೆ ಮತ್ತೆ ಹೋದಾಗ ಒಂದು ಜಾಗ್ರತೆ: ಕಂದರದ ಅಂಚಿನಲ್ಲಿ ಕಣ್ಣು ಕ್ಯಾಮೆರಾದಲ್ಲಿ ಇರುವಷ್ಟು ಹೊತ್ತೂ ಕಾಲು ಕದಲಿಸಬೇಡಿ.