ಹೊಸ ವಿಂಡೋಸ್ ಹಾಕಿಸಿದಾಗೆಲ್ಲ ನಮ್ಮ ಕನ್ನಡಕ್ಕೆ ಏನಾಯ್ತು?

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಭದ್ರತಾ ಅಪ್‌ಡೇಟ್‌ಗಳು ನಿಂತವು. ಅದಕ್ಕೂ ಮೊದಲಿಂದ ನನ್ನ ಪರಿಚಯದವರು ಕೇಳುತ್ತಿದ್ದ ಪ್ರಶ್ನೆ ಒಂದೇ. 'ವಿಂಡೋಸ್ ಹನ್ನೊಂದು ಹಾಕಿಸ್ಲಾ, ಇದ್ರಲ್ಲೇ ಇರ್ಲಾ?' ಕನ್ನಡದಲ್ಲಿ ಕೆಲಸ ಮಾಡುವವರು ಅದರ ಬೆನ್ನಿಗೇ ಇನ್ನೊಂದು ಕೇಳುತ್ತಾರೆ. 'ಹಾಕಿಸಿದ್ರೆ ನನ್ನ ಹಳೇ ನುಡಿ ಫೈಲುಗಳು ತೆರ್ಕೊಳ್ತಾವಾ?' ನುಡಿ ಅಂದರೆ ಕನ್ನಡ ಟೈಪ್ ಮಾಡುವ ತಂತ್ರಾಂಶ.

ಈ ಎರಡನೇ ಪ್ರಶ್ನೆಗೆ ಹತ್ತಿರ ಹತ್ತಿರ ಇಪ್ಪತ್ತೈದು ವರ್ಷ ವಯಸ್ಸಾಗಿದೆ. ವಿಂಡೋಸ್ ಬದಲಾದಾಗಲೆಲ್ಲ ಮೊದಲು ಹಾಕಿಸಿಕೊಂಡವರು ಇದೇ ಜಾಗದಲ್ಲಿ ಎಡವಿದ್ದಾರೆ. ಆಮೇಲೆ ಹೇಗೋ ದಾರಿ ಕಂಡುಕೊಂಡು ಉಳಿದವರಿಗೂ ತೋರಿಸಿದ್ದಾರೆ. ಆ ದಾರಿ ಅರ್ಥವಾಗಬೇಕಾದರೆ ವಿಂಡೋಸ್ 98ರ ಕಾಲಕ್ಕೆ ಹೋಗಬೇಕು.

ಆಗ ಕಂಪ್ಯೂಟರಿಗೆ ಕನ್ನಡ ಅನ್ನುವುದೊಂದು ಲಿಪಿ ಇದೆ ಅಂತಲೇ ಗೊತ್ತಿರಲಿಲ್ಲ. ಹಾಗಿದ್ದೂ ನಾವು ಕನ್ನಡದಲ್ಲಿ ಬರೆದೆವು. ಶೇಷಾದ್ರಿವಾಸು ಅವರು 1998ರಲ್ಲಿ 'ಬರಹ' ಎಂಬ ಕನ್ನಡ ಬರೆಯುವ ತಂತ್ರಾಂಶ ಕೊಟ್ಟರು. ಕನ್ನಡ ಗಣಕ ಪರಿಷತ್ತಿನಿಂದ 'ನುಡಿ' ಬಂತು, ಅದರಲ್ಲಿದ್ದದ್ದು ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸ. ಇವರು ಇಷ್ಟು ಮಾಡದೆ ಹೋಗಿದ್ದರೆ ಒಂದು ಇಡೀ ತಲೆಮಾರು ಕಂಪ್ಯೂಟರ್ ಅಂದರೆ ಇಂಗ್ಲಿಷ್ ಅಂದುಕೊಂಡೇ ಬೆಳೆಯುತ್ತಿತ್ತು.

ಅವರು ಕಂಡುಕೊಂಡ ಉಪಾಯ ಹೀಗಿತ್ತು. ಕಂಪ್ಯೂಟರಿಗೆ ಗೊತ್ತಿದ್ದ ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಚಿತ್ರದ ಹಾಗೆ ಕೂರಿಸುವುದು. ನುಡಿಯಲ್ಲಿ 'ಕನ್ನಡ' ಅಂತ ಬರೆದರೆ ಕಡತದ ಒಳಗೆ ಉಳಿಯುತ್ತಿದ್ದದ್ದು ಇಂಗ್ಲಿಷಿನ ದೊಡ್ಡ ಪಿ, ತಲೆಯ ಮೇಲೆ ಓರೆ ಗೀಟಿದ್ದ ಎ, ಪೌಂಡ್ ಗುರುತು, ಮತ್ತೆ ಅದೇ ಎ, ಜರ್ಮನ್ ಭಾಷೆಯ ಒಂದು ಅಕ್ಷರ, ಚಿಕ್ಕ ಕ್ಯೂ, ಕೊನೆಗೆ ಮತ್ತದೇ ಎ. ಮೂರು ಸಲ ಬಂದ ಆ ಎ ಇದೆಯಲ್ಲ, ಅದು ತಲೆಕಟ್ಟು. ಪಿ ಅಂದರೆ ತಲೆಕಟ್ಟಿಲ್ಲದ ಕ, ಜರ್ಮನ್ ಅಕ್ಷರ ಅಂದರೆ ನ ಒತ್ತು. ನಾವು ಸ್ಲೇಟಿನ ಮೇಲೆ ಅಕ್ಷರ ತಿದ್ದುವಾಗ ಮೊದಲು ಹೊಟ್ಟೆ, ಆಮೇಲೆ ತಲೆಕಟ್ಟು, ಆಮೇಲೆ ಒತ್ತು ಅಂತ ಹಾಕುತ್ತಿದ್ದೆವಲ್ಲ, ಹೆಚ್ಚೂಕಡಿಮೆ ಹಾಗೇ. 'ಮ' ಬೇಕಾದರೆ ವ ಬರೆದು ಕೊಂಬು ಎಳೆಯುವುದು, 'ಯ' ಬೇಕಾದರೆ ನಾಲ್ಕು ತುಂಡು ಜೋಡಿಸುವುದು, ಅದರಲ್ಲಿ ಮೊದಲ ತುಂಡು ಸೊನ್ನೆ. ಟೈಪ್ ಮಾಡುವವರಿಗೆ ಇದು ಯಾವುದೂ ಕಾಣಿಸುತ್ತಿರಲಿಲ್ಲ, ಯಾಕೆಂದರೆ ಜೋಡಿಸುವ ಕೆಲಸವನ್ನು ತಂತ್ರಾಂಶವೇ ಮಾಡಿ ಮುಗಿಸುತ್ತಿತ್ತು.

ಕಣ್ಣಿಗೆ ಕನ್ನಡ, ಒಳಗೆ ಯುರೋಪಿನ ಅಕ್ಷರ. ಎರಡರ ನಡುವೆ ಇದ್ದದ್ದು ಫಾಂಟ್ ಎಂಬ ಒಂದೇ ಒಂದು ಕಡತ.

ಅದು ಇಲ್ಲದಿದ್ದರೆ ಏನಾಗುತ್ತದೆ ಅನ್ನುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಮ್ಮ ಅಜ್ಜ ಹೇಳಿದ ಊರಿನ ಕತೆಗಳನ್ನು ರಜೆಯಲ್ಲಿ ಕೂತು ನಲವತ್ತು ಪುಟ ಟೈಪ್ ಮಾಡಿದ್ದೆ. ಸ್ವಲ್ಪ ದಿನಕ್ಕೆ ಕಂಪ್ಯೂಟರ್ ಫಾರ್ಮ್ಯಾಟ್ ಮಾಡಿಸಿ ಹೊಸ ಓಎಸ್, ಅಂದರೆ ಹೊಸ ವಿಂಡೋಸ್, ಹಾಕಿಸಿದೆವು. ಕಡತ ಡಿ ಡ್ರೈವಿನಲ್ಲಿತ್ತು, ಏನೂ ಆಗಿರಲಿಲ್ಲ. ತೆರೆದರೆ ಮಾತ್ರ ಪುಟದ ತುಂಬ ಪೌಂಡ್ ಗುರುತು, ಓರೆ ಗೀಟಿನ ಎ. ಅಜ್ಜ ಪಕ್ಕದಲ್ಲೇ ಕೂತಿದ್ದರು. 'ನಾನು ಹೇಳಿದ್ದು ಇದಲ್ವಲ್ಲೋ' ಅಂದರು. ಗೆಳೆಯನ ಮನೆಯಿಂದ ಫಾಂಟ್ ಕಡತವನ್ನು ಫ್ಲಾಪಿಯಲ್ಲಿ ತಂದು ಹಾಕಿದ ಮೇಲೆ ಪುಟ ಮತ್ತೆ ಕನ್ನಡವಾಯಿತು. ಅಲ್ಲಿಯವರೆಗೆ ನನಗೆ ಊಟ ಸೇರಲಿಲ್ಲ.

ಇದಕ್ಕೆ ಪರಿಹಾರ ಎಲ್ಲೋ ಒಂದು ಕಡೆ ತಯಾರಾಗುತ್ತಲೇ ಇತ್ತು. ಜಗತ್ತಿನ ಪ್ರತಿ ಲಿಪಿಯ ಪ್ರತಿ ಅಕ್ಷರಕ್ಕೂ ಅದರದ್ದೇ ಸಂಖ್ಯೆ ಕೊಡುವ ಯೂನಿಕೋಡ್‌ನ ಮೊದಲ ಆವೃತ್ತಿ 1991ರಲ್ಲೇ ಬಂದಿತ್ತು, ಕನ್ನಡಕ್ಕೆ ಅದರಲ್ಲಿ ಜಾಗವೂ ಇತ್ತು. ಆದರೆ ಅದನ್ನು ಓದಿ ಒತ್ತು, ಗುಣಿತ ಎಲ್ಲ ಸರಿಯಾಗಿ ಕೂರಿಸಿ ತೋರಿಸುವ ಓಎಸ್ ಬೇಕಲ್ಲ. ವಿಂಡೋಸ್ 2000 ಬಂದಾಗ ದೇವನಾಗರಿಗೂ ತಮಿಳಿಗೂ ಆ ಭಾಗ್ಯ ಸಿಕ್ಕಿತು. ನಾವು 2001ರ ಅಕ್ಟೋಬರ್ 25ರವರೆಗೆ ಕಾಯಬೇಕಾಯಿತು. ಅವತ್ತು ಬಿಡುಗಡೆಯಾದ ವಿಂಡೋಸ್ ಎಕ್ಸ್‌ಪಿಯಲ್ಲಿ ಕನ್ನಡಕ್ಕೆ 'ತುಂಗಾ' ಎಂಬ ಫಾಂಟ್ ಇತ್ತು. ತೆಲುಗಿಗೆ ಗೌತಮಿ, ಗುರುಮುಖಿಗೆ ರಾವಿ. ನದಿಗಳ ಹೆಸರು, ನನಗಂತೂ ತುಂಬ ಇಷ್ಟವಾಗಿತ್ತು.

ಆದರೆ ಎಕ್ಸ್‌ಪಿ ಹಾಕಿಸಿದ ಎಷ್ಟೋ ಜನಕ್ಕೆ ಕನ್ನಡ ಕಾಣಿಸಲೇ ಇಲ್ಲ. ಚೌಕ ಚೌಕ ಡಬ್ಬಿಗಳು ಕಂಡವು, ಇಲ್ಲವೇ ಒತ್ತಕ್ಷರಗಳು ಕೆಳಗೆ ಇಳಿಯದೆ ಬಿಡಿಬಿಡಿಯಾಗಿ ಸಾಲಿನಲ್ಲೇ ನಿಂತವು. ಕಾರಣ ಒಂದು ಸಣ್ಣ ಟಿಕ್ ಗುರುತು. ಕಂಟ್ರೋಲ್ ಪ್ಯಾನೆಲ್‌ಗೆ ಹೋಗಿ, ರೀಜನಲ್ ಅಂಡ್ ಲ್ಯಾಂಗ್ವೇಜ್ ಆಪ್ಷನ್ಸ್ ತೆರೆದು, ಲ್ಯಾಂಗ್ವೇಜಸ್ ಎಂಬ ಪುಟದಲ್ಲಿ 'ಕಾಂಪ್ಲೆಕ್ಸ್ ಸ್ಕ್ರಿಪ್ಟ್' ಎಂದಿದ್ದ ಸಾಲಿನ ಎದುರು ಟಿಕ್ ಹಾಕಬೇಕಿತ್ತು. ಹಾಕಿದ ಕೂಡಲೇ ಅದು ಎಕ್ಸ್‌ಪಿ ಸಿ.ಡಿ. ಕೇಳುತ್ತಿತ್ತು. ಅಂಗಡಿಯಲ್ಲಿ ಜೋಡಿಸಿ ತಂದ ಕಂಪ್ಯೂಟರುಗಳೇ ಜಾಸ್ತಿ ಇದ್ದ ನಮ್ಮೂರುಗಳಲ್ಲಿ ಆ ಸಿ.ಡಿ. ಮನೆಯಲ್ಲಿ ಯಾರ ಹತ್ತಿರ ಇರುತ್ತಿತ್ತು ಹೇಳಿ? ಅಂಗಡಿಯ ಹುಡುಗನನ್ನು ಮತ್ತೆ ಕರೆಯಬೇಕು. ಸೈಬರ್ ಸೆಂಟರ್ ಆದರೆ ಮಾಲೀಕರನ್ನು ಒಪ್ಪಿಸಬೇಕು. ಎಲ್ಲ ಆಗಿ, ರೀಸ್ಟಾರ್ಟ್ ಆಗಿ, ಪರದೆಯ ಮೇಲೆ 'ಅಕ್ಷರ' ಅನ್ನುವ ಪದದಲ್ಲಿ ಷ ಒತ್ತು ಕ ಕೆಳಗೆ ತಾನಾಗಿ ಬಂದು ಕೂತದ್ದನ್ನು ಕಂಡವರಿಗೆ ಆದ ಖುಷಿಯೇ ಬೇರೆ.

ಕನ್ನಡ ವಿಕಿಪೀಡಿಯ ಶುರುವಾದದ್ದು 2003ರಲ್ಲಿ, ಇದೇ ದಿನಗಳಲ್ಲಿ. ಅಲ್ಲಿ ಬರೆಯುವುದಿರಲಿ, ಓದಬೇಕಾದರೂ ಮೊದಲು ಆ ಟಿಕ್ ಹಾಕಲು ಗೊತ್ತಿರಬೇಕಿತ್ತು. ಯಾವ ಪುಸ್ತಕದಲ್ಲೂ ಇರದ ಈ ವಿಷಯವನ್ನು ಒಬ್ಬರು ಇನ್ನೊಬ್ಬರಿಗೆ, ಅವರು ಮತ್ತೊಬ್ಬರಿಗೆ, ಫೋನಿನಲ್ಲಿ 'ಎಡಗಡೆಯಿಂದ ಎರಡನೇದು ಒತ್ತಿ' ಅಂತ ಹೇಳಿ ಹೇಳಿಯೇ ಹಬ್ಬಿಸಿದ್ದು. ಕಷ್ಟ ಅಲ್ಲಿಗೂ ಮುಗಿಯಲಿಲ್ಲ. 'ರ‍್ಯಾಂಕ್' ಅಂತ ಬರೆಯಹೊರಟರೆ ರ ಹಾರಿ ಅರ್ಕಾವೊತ್ತಾಗಿ 'ರ್ಯಾಂಕ್' ಆಗಿಬಿಡುತ್ತಿತ್ತು. ನಡುವೆ ಕಣ್ಣಿಗೆ ಕಾಣದ ಒಂದು ಜೋಡಣೆ ಗುರುತು ಸೇರಿಸಬೇಕು ಅನ್ನುವುದನ್ನು ಇವತ್ತಿಗೂ ಅನೇಕರು ಹುಡುಕಾಡಿಯೇ ಕಲಿಯುತ್ತಾರೆ.

ಇನ್ನೊಂದು ಪೆಟ್ಟು ಬೇರೆ ದಿಕ್ಕಿನಿಂದ ಬಂತು. ವಿಂಡೋಸ್ 98 ಡಾಸ್‌ನ ಮೇಲೆ ಬೆಳೆದ ಮನೆತನದ್ದು, ಎಕ್ಸ್‌ಪಿ ಎನ್‌ಟಿ ಎಂಬ ಬೇರೆಯೇ ಮನೆತನದ್ದು. ಹೊರಗಿಂದ ಒಂದೇ ಥರ ಕಂಡರೂ ಒಳಗಿನ ಬುನಾದಿಯೇ ಬದಲಾಗಿತ್ತು. ಹಳೆ ಸ್ಕ್ಯಾನರ್, ಪ್ರಿಂಟರ್‌ಗಳ ಡ್ರೈವರ್, ಅಂದರೆ ಅವನ್ನು ಕಂಪ್ಯೂಟರಿಗೆ ಹೊಂದಿಸುವ ತಂತ್ರಾಂಶ, ನಡೆಯಲಿಲ್ಲ. ದುಡ್ಡು ಕೊಟ್ಟು ಕೊಂಡ ಕನ್ನಡ ತಂತ್ರಾಂಶಗಳಲ್ಲಿ ಕೆಲವಕ್ಕೆ ಕಂಪ್ಯೂಟರಿನ ಹಿಂದೆ ಸಿಕ್ಕಿಸುವ ಒಂದು ಲಾಕ್ ಇರುತ್ತಿತ್ತು. ಹೊಸ ಓಎಸ್‌ಗೆ ಆ ಲಾಕ್ ಗುರುತು ಸಿಗದಿದ್ದರೆ ತಂತ್ರಾಂಶ ತೆರೆಯುತ್ತಲೇ ಇರಲಿಲ್ಲ. ಡಿಟಿಪಿ ಅಂಗಡಿ ನಡೆಸುವವರಿಗೆ ಇದು ಹೊಟ್ಟೆಪಾಡಿನ ಮಾತು. ಮದುವೆ ಸೀಸನ್ ಹೊತ್ತಿಗೆ ಲಗ್ನಪತ್ರಿಕೆ ಕೆಲಸ ನಿಂತರೆ ಯಾರು ಕಾಯುತ್ತಾರೆ?

2007ರ ಜನವರಿ 30ಕ್ಕೆ ವಿಸ್ಟಾ ಬಂತು. ಇದನ್ನು ಹೊಗಳುವವರು ಕಡಿಮೆ. ಆದರೆ ಕನ್ನಡದ ಮಟ್ಟಿಗೆ ಒಂದು ದೊಡ್ಡ ಕೆಲಸ ಆದದ್ದು ಇದರಲ್ಲೇ. ಆ ಟಿಕ್ ಗುರುತಿನ ರಗಳೆ ಹೋಯಿತು, ಕನ್ನಡ ಮೊದಲ ದಿನದಿಂದಲೇ ಸರಿಯಾಗಿ ಕಾಣತೊಡಗಿತು. ಕಷ್ಟ ಏನೆಂದರೆ, ಎಕ್ಸ್‌ಪಿಗೆ ಕನಿಷ್ಠ 64 ಎಂ.ಬಿ. ರ‍್ಯಾಮ್ ಸಾಕು ಅಂದಿದ್ದ ಕಂಪನಿ ವಿಸ್ಟಾಕ್ಕೆ ಕನಿಷ್ಠ 512 ಎಂ.ಬಿ. ಕೇಳಿತು. ಅಷ್ಟಿದ್ದರೂ ಕಂಪ್ಯೂಟರ್ ತೆವಳುತ್ತದೆ ಅಂತ ಮೊದಲು ಹಾಕಿಸಿದವರು ಹೇಳಿದರು. ಬಹಳ ಜನ ವಾಪಸ್ ಎಕ್ಸ್‌ಪಿಗೇ ಬಂದರು. ಸರಾಗವಾಗಿ ನಡೆಯುವ ಹೊಸ ಓಎಸ್ ಸಿಕ್ಕಿದ್ದು 2009ರ ಅಕ್ಟೋಬರಿನಲ್ಲಿ, ವಿಂಡೋಸ್ 7 ಬಂದಾಗ.

ಅಷ್ಟೊತ್ತಿಗೆ ಅಂತರಜಾಲದ ಕನ್ನಡವೆಲ್ಲ ಯೂನಿಕೋಡ್ ಕಡೆ ಹೊರಟಿತ್ತು, ಅಚ್ಚಿನ ಕನ್ನಡ ಮಾತ್ರ ನಿಂತಲ್ಲೇ ನಿಂತಿತ್ತು. ಯಾಕೆಂದರೆ ನಮ್ಮ ಅಚ್ಚಿನ ಮನೆಗಳು ನಡೆಯುತ್ತಿದ್ದದ್ದು ಪುಟ ಜೋಡಿಸುವ ತಂತ್ರಾಂಶವಾದ ಪೇಜ್‌ಮೇಕರ್‌ನಲ್ಲಿ. ಅದರ ಕೊನೆಯ ಆವೃತ್ತಿ ಬಂದದ್ದು 2001ರಲ್ಲಿ, ಅದಕ್ಕೆ ಯೂನಿಕೋಡ್ ಕನ್ನಡ ಜೋಡಿಸಲು ಬಾರದು. ಅಂಥದ್ದೇ ಕೆಲಸದ ಇನ್ನೊಂದು ತಂತ್ರಾಂಶ ಇನ್‌ಡಿಸೈನ್‌ನಲ್ಲಿ ಕನ್ನಡ ಸೇರಿ ಭಾರತೀಯ ಲಿಪಿಗಳು ಸರಿಯಾಗಿ ಕೂರುವ ಏರ್ಪಾಡು ಆದದ್ದು 2012ರ ಸಿಎಸ್6 ಆವೃತ್ತಿಯಲ್ಲಿ. ಹನ್ನೊಂದು ವರ್ಷದ ಈ ಅಂತರದಲ್ಲಿ ಅಚ್ಚಾದ ಪುಸ್ತಕ, ಸ್ಮರಣ ಸಂಚಿಕೆ, ಜಾತ್ರೆ ಕರಪತ್ರ ಎಷ್ಟಿರಬಹುದು ಯೋಚಿಸಿ. ಬಹುಪಾಲು ಆ ಪೌಂಡ್ ಗುರುತಿನ ಕನ್ನಡದಲ್ಲೇ ಇದೆ. 2014ರ ಏಪ್ರಿಲ್ 8ಕ್ಕೆ ಎಕ್ಸ್‌ಪಿಯ ಬೆಂಬಲ ನಿಂತ ಮೇಲೂ ಅಂಗಡಿಯ ಮೂಲೆಯಲ್ಲಿ ಒಂದು ಎಕ್ಸ್‌ಪಿ ಯಂತ್ರವನ್ನು ಉಳಿಸಿಕೊಂಡವರನ್ನು ನಾನು ದೂರುವುದಿಲ್ಲ. ಅವರ ಇಪ್ಪತ್ತು ವರ್ಷದ ದುಡಿಮೆ ಅದರೊಳಗಿದೆ.

2012ರ ವಿಂಡೋಸ್ 8ರಲ್ಲಿ 'ನಿರ್ಮಲಾ' ಎಂಬ ಹೊಸ ಫಾಂಟ್ ಬಂತು, ಭಾರತದ ಹಲವು ಲಿಪಿಗಳಿಗೆ ಒಂದೇ ಫಾಂಟ್. ಆಮೇಲೆ 2015ರ ಜುಲೈ 29ಕ್ಕೆ ವಿಂಡೋಸ್ 10, ಒಂದು ವರ್ಷ ಪುಕ್ಕಟೆ ಅಪ್‌ಗ್ರೇಡ್. ಹೊಸದಾಗಿ ಹಾಕಿಸಿಕೊಂಡು ಹಳೆ ಕಡತ ತೆರೆದವರು ಕಕ್ಕಾಬಿಕ್ಕಿಯಾದರು, ತುಂಗಾ ಇಲ್ಲ! ಅದನ್ನು ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್ ಎಂಬ ಬೇರೆ ಕಟ್ಟಿಗೆ ಸೇರಿಸಿದ್ದರು. ಆಪ್ಷನಲ್ ಫೀಚರ್ಸ್‌ಗೆ ಹೋಗಿ ಸೇರಿಸಿಕೊಂಡರೆ ಬರುತ್ತದೆ. ಗಮನಿಸಬೇಕಾದದ್ದು ಇಲ್ಲೇ. ಈ ಸಲ ಫಾಂಟ್ ಹೋದರೂ ಕನ್ನಡ ಹೋಗಲಿಲ್ಲ. ಒಳಗಿದ್ದದ್ದು ಯೂನಿಕೋಡ್ ಆದ್ದರಿಂದ ಅದೇ ಮಾತು ನಿರ್ಮಲಾದಲ್ಲಿ ಕಂಡಿತು. ಸಾಲು ಎಲ್ಲಿ ಮುರಿಯಬೇಕು, ಪುಟ ಎಲ್ಲಿ ಮುಗಿಯಬೇಕು ಅನ್ನುವುದು ಏರುಪೇರಾಯಿತು, ಅಷ್ಟೇ.

ಕಡತಗಳೇ ಹೋದ ಕತೆ ಬೇರೆ ಇದೆ. 2018ರ ಅಕ್ಟೋಬರ್ 2ರಂದು ವಿಂಡೋಸ್ 10ರ ದೊಡ್ಡ ಅಪ್‌ಡೇಟ್ ಬಂತು. ಮೊದಲ ದಿನಗಳಲ್ಲೇ ಹಾಕಿಕೊಂಡ ಕೆಲವರ ಡಾಕ್ಯುಮೆಂಟ್ಸ್ ಫೋಲ್ಡರ್ ಖಾಲಿಯಾಗಿತ್ತು. ವಾರ ತುಂಬುವುದರೊಳಗೆ ಮೈಕ್ರೋಸಾಫ್ಟ್ ಅದನ್ನು ತಡೆಹಿಡಿಯಿತು, ತಿದ್ದಿ ಮತ್ತೆ ಬಿಟ್ಟದ್ದು ನವೆಂಬರ್ 13ಕ್ಕೆ. ಇಂಥ ದೂರು ಬಂದಿದ್ದು ಹತ್ತು ಸಾವಿರಕ್ಕೆ ಒಂದು ಅಂತ ಕಂಪನಿ ಹೇಳಿತು. ಮುಖ್ಯ ಕಾರಣ ನಮಗೆ ಬಹಳ ಹತ್ತಿರದ್ದು. ಡಾಕ್ಯುಮೆಂಟ್ಸ್ ಫೋಲ್ಡರನ್ನು ಸಿ ಡ್ರೈವಿನಿಂದ ಬೇರೆ ಕಡೆಗೆ ತಿರುಗಿಸಿ, ಒಂದಷ್ಟು ಕಡತಗಳನ್ನು ಹಳೆ ಜಾಗದಲ್ಲೇ ಬಿಟ್ಟಿದ್ದವರ ಹಳೆ ಜಾಗವನ್ನು ಅಪ್‌ಡೇಟ್ ಅಳಿಸಿಹಾಕುತ್ತಿತ್ತು. 'ಸಿ ಫಾರ್ಮ್ಯಾಟ್ ಆಗುತ್ತೆ, ಎಲ್ಲ ಡಿಗೆ ಹಾಕಿ' ಅನ್ನುವುದನ್ನು ನಾವು ಕಂಪ್ಯೂಟರ್ ಕೊಂಡ ದಿನವೇ ಕಲಿತವರು. ಆ ಎಚ್ಚರಿಕೆಯೇ ಇಲ್ಲಿ ಅಪಾಯವಾಗಬಹುದಿತ್ತು. ಹೊರಗಿನ ಡ್ರೈವಿಗೆ ಒಂದು ಪ್ರತಿ ತೆಗೆದಿಡದೆ ಯಾವ ಅಪ್‌ಗ್ರೇಡಿಗೂ ಹೂಂ ಅನ್ನಬೇಡಿ ಅಂತ ನಾನು ಎಲ್ಲರಿಗೂ ಹೇಳುವುದು ಅದಕ್ಕೇ.

ಈಗ ಹನ್ನೊಂದರ ವಿಷಯ. 2021ರ ಅಕ್ಟೋಬರ್ 5ಕ್ಕೆ ಬಂದ ಇದಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಇಂಟೆಲ್ ಆದರೆ ಹೆಚ್ಚಾಗಿ ಎಂಟನೇ ಪೀಳಿಗೆಯ ಪ್ರೊಸೆಸರ್ ಇಲ್ಲವೇ ಅದಕ್ಕಿಂತ ಹೊಸದು ಬೇಕು. ಚೆನ್ನಾಗಿ ನಡೆಯುತ್ತಿರುವ ಯಂತ್ರವೂ ಇದರಿಂದ ಹೊರಗುಳಿಯುತ್ತದೆ. ಅಂಥವರು ಹೆಸರು ನೋಂದಾಯಿಸಿಕೊಂಡರೆ 10ಕ್ಕೇ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಅಪ್‌ಡೇಟ್ ಸಿಗುತ್ತದೆ.

ಹಳೆ ನುಡಿ ಫೈಲುಗಳು ತೆರೆದುಕೊಳ್ಳುತ್ತವಾ ಅಂದರೆ, ವರ್ಡ್ ಕಡತಗಳಾದರೆ ತೆರೆದುಕೊಳ್ಳುತ್ತವೆ. ಫಾಂಟ್ ಕಡತ ಕೈಯಲ್ಲಿದ್ದರೆ ಹನ್ನೊಂದರಲ್ಲೂ ಅದನ್ನು ಹಾಕಿಕೊಳ್ಳಬಹುದು. ತೊಂದರೆ ಹಳೆ ತಂತ್ರಾಂಶಗಳದ್ದು. ಹನ್ನೊಂದು ಬರುವುದು 64 ಬಿಟ್‌ನಲ್ಲಿ ಮಾತ್ರ, ಅದರಲ್ಲಿ 16 ಬಿಟ್ ಎಂಬ ಹಳೆ ಕಾಲದ ತಂತ್ರಾಂಶ ಯಾವುದೂ ನಡೆಯುವುದಿಲ್ಲ. ತೊಂಬತ್ತರ ದಶಕದ ಕೆಲವು ಸಿ.ಡಿ.ಗಳ ಸೆಟಪ್ ಕೂಡ ಆ ಕಾಲದ್ದೇ. ಆದ್ದರಿಂದ ಹಳೆ ಯಂತ್ರ ಇನ್ನೂ ಶುರುವಾಗುತ್ತಿರುವಾಗಲೇ ವಿಂಡೋಸ್ ಫೋಲ್ಡರಿನ ಒಳಗಿನ ಫಾಂಟ್ಸ್‌ನಿಂದ ನಿಮ್ಮ ಕನ್ನಡ ಫಾಂಟುಗಳನ್ನೆಲ್ಲ ಪೆನ್‌ಡ್ರೈವಿಗೆ ತೆಗೆದುಕೊಳ್ಳಿ. ಇವತ್ತೇ ಮಾಡಿ.

ಆಮೇಲೆ ನಿಧಾನವಾಗಿ ಯೂನಿಕೋಡಿಗೆ ಬದಲಾಯಿಸಿ. ಅದಕ್ಕೆ ಪರಿವರ್ತಕಗಳಿವೆ, ಆದರೆ ಕಣ್ಣಿಟ್ಟು ನೋಡಬೇಕು. ಹಳೆಯದರಲ್ಲಿ ಅರ್ಕಾವೊತ್ತು ನಾವು ಕೈಯಲ್ಲಿ ಬರೆದ ಹಾಗೆ ಅಕ್ಷರದ ಆಮೇಲೆ ಬರುತ್ತದೆ. ಯೂನಿಕೋಡಿನಲ್ಲಿ ನಾವು ನುಡಿಯುವ ಹಾಗೆ ರ ಮೊದಲು ಬರಬೇಕು. 'ಸೂರ್ಯ', 'ಕಾರ್ಯ', 'ತೀರ್ಥ' ಇರುವ ಸಾಲುಗಳನ್ನು ಒಂದೊಂದಾಗಿ ಓದಿ.

ಅಜ್ಜನ ನಲವತ್ತು ಪುಟಗಳನ್ನು ನಾನು ಹೀಗೇ ಬದಲಾಯಿಸಿದೆ. ಪರಿವರ್ತಕಕ್ಕೆ ಒಂದು ನಿಮಿಷ ಸಾಕಾಯಿತು, ನನಗೆ ತಿದ್ದಲು ಮೂರು ಸಂಜೆ ಬೇಕಾಯಿತು. ಅಜ್ಜ ಈಗ ಇಲ್ಲ. ಹೊಸ ಲ್ಯಾಪ್‌ಟಾಪಿನಲ್ಲಿ ಅವರ ಎತ್ತಿನ ಹೆಸರು ಹೊಡೆದು ಹುಡುಕಿದೆ. 'ಕರಿಯ' ಹನ್ನೊಂದು ಕಡೆ ಸಿಕ್ಕಿತು.